ಕೊಕ್ಕಿನ ಮುಂದಿನ ತೂತು

ಹೆಣಿಗೆ ಮೆಷಿನ್ನಿನ ಮುಂದೆ ಕೂತವಳಿಗೆ ತಾನು ಹೆಣೆಯುತ್ತಿರುವ ಬಟ್ಟೆಯ ಬೆನ್ನು ಮಾತ್ರ ಕಾಣುತ್ತದೆ. ಮುಖ ಆಚೆ ಬದಿಗಿರುತ್ತದೆ, ಗೋಡೆಯ ಕಡೆಗೆ. ಹಕ್ಕಿ ಬಂತೋ ಹೂವು ಬಂತೋ ತಿಳಿಯಬೇಕಾದರೆ ಬಗ್ಗಿ, ಕೆಳಗೆ ತೂಗುಬಿಟ್ಟ ಕಬ್ಬಿಣದ ತೂಕಗಳನ್ನು ಪಕ್ಕಕ್ಕೆ ಸರಿಸಿ, ಅಂಚು ಮಗುಚಿ ನೋಡಬೇಕು. ತಂಗಿ ಹತ್ತು ಸಾಲಿಗೊಮ್ಮೆ ಹಾಗೆ ಮಗುಚಿ ನೋಡುತ್ತಾಳೆ. ಸೊಂಟ ಹಿಡಿದುಕೊಂಡರೂ ಬಿಡುವುದಿಲ್ಲ. ಬೀದಿಯವರು ಅವಳನ್ನು ಸ್ವೆಟರಮ್ಮ ಎಂದು ಕರೆದು, ಕೆಲಸ ಅಂದರೆ ಹೀಗಿರಬೇಕು, ಎಷ್ಟು ಅಚ್ಚುಕಟ್ಟು ಎನ್ನುತ್ತಾರೆ. ಅದು ಅಚ್ಚುಕಟ್ಟಲ್ಲ ಎಂಬುದು ಅವಳಿಗೊಬ್ಬಳಿಗೇ ಗೊತ್ತು.

ಆ ದಿನ ಬೆಳಿಗ್ಗೆ ಅಂಥದೇ ಒಂದು ಸಲ ಬಗ್ಗಿದ್ದಾಗ ಅಕ್ಕನ ಮಗಳು ಮೆಟ್ಟಿಲು ಹತ್ತಿ ಬಂದಳು. ಕಂಕುಳಲ್ಲಿ ಏಳು ತಿಂಗಳ ಮಗು.

"ಚಿಕ್ಕಮ್ಮಾ, ಕೈ ತೊಳ್ಕೊಂಡೇ ಬಂದಿದೀನಿ, ಬೈಬೇಡ."

"ನಿನ್ನ ಕೈ ಬಿಡು, ಈ ಕಳ್ಳನ ಕೈ ತೊಳೆದೆಯಾ? ಹೋದ ಸಲ ದಾರದ ಉಂಡೆ ನೆಕ್ಕಿ ಹೋಗಿದಾನೆ."

ಅಕ್ಕನ ಮಗಳು ನಕ್ಕು, ಮಗುವನ್ನು ದಾರದ ಬುಟ್ಟಿಯಿಂದ ದೂರ ಕೂರಿಸಿದಳು. "ಒಂದು ಸುದ್ದಿ. ಗುಜರಿಯವನ ಹತ್ರ ಒಂದು ಮೆಷಿನ್ ತಗೊಂಡೆ. ನಿನ್ನದರ ಒಡಹುಟ್ಟೇ ಇರಬೇಕು. ಕಾರ್ಡ್ ಹಾಕೋ ಜಾಗದಲ್ಲಿ ಜೇಡ ಸಂಸಾರ ಹೂಡಿತ್ತು, ನೋಟಿಸ್ ಕೊಟ್ಟು ಖಾಲಿ ಮಾಡಿಸಿದೆ."

"ನಿನಗ್ಯಾಕೇ ಅದು? ಆಸ್ಪತ್ರೆ ಕೆಲಸ, ಮಗು, ಸಾಲದಾ?"

"ನನಗಲ್ಲ. ಅಮ್ಮನಿಗೆ."

ತಂಗಿ ಕ್ಯಾರೇಜಿನ, ಸಾಲಿಗೊಮ್ಮೆ ಎಡಕ್ಕೂ ಬಲಕ್ಕೂ ಎಳೆಯುವ ಮೆಷಿನ್ನಿನ ಹಿಡಿಯ, ಮೇಲಿದ್ದ ಕೈ ತೆಗೆಯಲಿಲ್ಲ, ಎಳೆಯಲೂ ಇಲ್ಲ.

"ಅಮ್ಮ ಈ ಬೀದಿಗೇ ಒಳ್ಳೆ ಕಾರ್ಡ್ ಹೊಡೀತಿದ್ಲಂತಲ್ಲ. ಒಂದು ಹೊಡೆದುಕೊಡು, ಮಗುಗೆ ಹೊದಿಕೆ ಹೆಣೀತೀನಿ ಅಂದೆ. ನನ್ನ ಕೈ ಬೇಡ, ನನ್ನ ಎಣಿಕೆ ತಪ್ಪತ್ತೆ ಅಂತಾಳೆ. ಕಣ್ಣಿನ ಡಾಕ್ಟರ್ ಹತ್ರ ಎಳ್ಕೊಂಡು ಹೋದೆ. ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ ಅಂದ್ರು. ಅದನ್ನೂ ನಂಬಲಿಲ್ಲ. ಕಣ್ಣಲ್ಲ, ಒಳಗೆ ಎಲ್ಲೋ ಇದೆ ತಪ್ಪು ಅಂತಾಳೆ." ಅವಳ ದನಿ ಇಳಿಯಿತು. "ಮುಂದಿನ ವಾರ ನಾನು ಕೆಲಸಕ್ಕೆ ಹೋಗ್ಬೇಕು. ಮಗೂನ ನನ್ನ ಹತ್ರ ಒಂಟಿಯಾಗಿ ಬಿಡಬೇಡ ಅಂತಿದಾಳೆ ಅಮ್ಮ. ಹಾಲಿನ ಪುಡಿ ಎಷ್ಟು ಚಮಚ ಹಾಕಿದೆ ಅಂತ ಮರೆತರೆ? ಔಷಧಿ ಹನಿ ಒಂದು ಹೆಚ್ಚಾದರೆ? ಇದೇ ಮಾತು. ಸ್ವಂತ ಮೊಮ್ಮಗ ಚಿಕ್ಕಮ್ಮ. ಎತ್ತಿ ಮುದ್ದಾಡ್ತಾಳೆ, ಆಮೇಲೆ ಹೆದರಿ ನನ್ನ ಕೈಗೇ ಕೊಟ್ಟುಬಿಡ್ತಾಳೆ."

ಮಗು ನೆಲದ ಮೇಲಿನ ಕತ್ತರಿಯ ಕಡೆ ಅಂಬೆಗಾಲಿಟ್ಟಿತು. ತಂಗಿ ಎದ್ದು ಕತ್ತರಿಯನ್ನು ಮೇಲಿಟ್ಟಳು. ಮಾತು ತಪ್ಪಿಸಲು ಅಷ್ಟು ಹೊತ್ತಾದರೂ ಸಿಕ್ಕಿತು.

"ಅಮ್ಮನ್ನ ಅದೇನೋ ಉಗುಳುಹಕ್ಕಿ ಅಂತಿದ್ರಂತಲ್ಲ, ಏನು ಕಥೆ ಅದು? ಅಮ್ಮನ್ನ ಕೇಳಿದ್ರೆ ಎದ್ದು ಪಾತ್ರೆ ತೊಳೆಯೋಕೆ ಹೋಗ್ತಾಳೆ."

"ಹಳೇದು. ಯಾರೋ ಏನೋ ಅಂದ್ರು. ನನಗೂ ಸರಿಯಾಗಿ ನೆನಪಿಲ್ಲ," ಎಂದಳು ತಂಗಿ.

ನೆನಪಿಲ್ಲ ಎಂಬ ಮಾತು ಬಾಯಿಂದ ಎಷ್ಟು ಸಲೀಸಾಗಿ ಹೊರಟಿತೆಂದರೆ ಅವಳಿಗೇ ಅಸಹ್ಯವಾಯಿತು.

ಅವಳಿಗೆ ಎಲ್ಲ ನೆನಪಿತ್ತು. ಸಾಲು ನೆನಪಿತ್ತು, ಸಾಲಿನ ಯಾವ ಚೌಕ ಎಂಬುದೂ ನೆನಪಿತ್ತು.

ಇದೇ ಕೋಣೆ. ಆಗ ಇಲ್ಲಿ ಮೂರು ಮೆಷಿನ್ನುಗಳಿದ್ದವು, ಕೆಳಗೆ ಸೈಕಲ್ ರಿಪೇರಿ ಅಂಗಡಿ ಇತ್ತು. ಮೆಷಿನ್ನುಗಳು ಅತ್ತೆಯವು. ಅಪ್ಪನ ಅಕ್ಕ, ಗಂಡ ಸತ್ತ ಮೇಲೆ ಯಾರ ಮುಂದೆಯೂ ಕೈಚಾಚದೆ ಈ ಮೆಷಿನ್ನುಗಳಿಂದಲೇ ಬದುಕಿ, ತಾಯಿಯಿಲ್ಲದ ಈ ಅಕ್ಕತಂಗಿಯರಿಬ್ಬರನ್ನೂ ಬೆಳೆಸಿದವಳು. ಬಾಯಿ ಜೋರು. ಅವಳ ಬೈಗುಳ ಮೆಷಿನ್ನಿನ ಸದ್ದನ್ನೂ ದಾಟಿ ಕೆಳಗಿನ ಸೈಕಲ್ ಅಂಗಡಿಗೆ ಕೇಳುತ್ತಿತ್ತು.

ಮೆಷಿನ್ನಿಗೆ ಚಿತ್ರ ತಿಳಿಸುವುದು ಕಾರ್ಡು. ಗಟ್ಟಿ ಹಾಳೆಯ ಉದ್ದನೆಯ ಪಟ್ಟಿ. ಸಾಲಿಗೆ ಇಪ್ಪತ್ತನಾಲ್ಕು ಚೌಕ. ತೂತು ಹೊಡೆದ ಚೌಕಕ್ಕೆ ಬಿಳಿ ದಾರ, ಹೊಡೆಯದ ಚೌಕಕ್ಕೆ ನೀಲಿ ದಾರ. ಇಪ್ಪತ್ತನಾಲ್ಕು ಮುಗಿದ ಮೇಲೆ ಮತ್ತೆ ಮೊದಲಿಂದ ಅದೇ ಚಿತ್ರ. ಹಾಗಾಗಿ ಕಾರ್ಡಿನಲ್ಲಿ ಹಕ್ಕಿ ಒಂದೇ ಇದ್ದರೂ ಮಕ್ಕಳ ಸ್ವೆಟರಿನ ಎದೆಯ ಮೇಲೆ ಐದು ಹಕ್ಕಿ ಸಾಲಾಗಿ ಕೂರುತ್ತವೆ. ಕಾರ್ಡು ಸರಿಯಿದ್ದರೆ ಐದೂ ಸರಿ. ತಪ್ಪಿದರೆ ಐದೂ ತಪ್ಪು.

ಕಾರ್ಡು ಹೊಡೆಯುತ್ತಿದ್ದವಳು ಅಕ್ಕ. ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ, ತುಟಿಯಲ್ಲೇ ಎಣಿಸುತ್ತ, ಇಕ್ಕಳದಂಥ ಪಂಚಿನಿಂದ ಒಂದೊಂದೇ ತೂತು ಹೊಡೆಯುತ್ತಿದ್ದಳು. ಒಂದೇ ಸಲ ಎಣಿಸುತ್ತಿದ್ದಳು, ಎರಡನೇ ಸಲ ನೋಡುತ್ತಿರಲಿಲ್ಲ. ಬೇರೆ ಕಡೆ ಹೊಸ ಕಾರ್ಡು ಬಂದರೆ ಮೊದಲು ಅಂಗೈಯಗಲ ಹೆಣೆದು ಪರೀಕ್ಷಿಸುತ್ತಾರೆ. ಅಕ್ಕನ ಕಾರ್ಡಿಗೆ ಆ ಪರೀಕ್ಷೆಯನ್ನೇ ಅತ್ತೆ ಬಿಟ್ಟುಬಿಟ್ಟಿದ್ದಳು. ಪಂಚನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

"ಎರಡು ಕೈ ಹೊಡೆದ ಕಾರ್ಡು ಇಬ್ಬರು ಹೆಂಡಿರ ಮನೆ ಇದ್ದ ಹಾಗೆ," ಎನ್ನುತ್ತಿದ್ದಳು ಅತ್ತೆ. "ದಾರ ಹರಿಯೋದೊಂದೇ ಬಾಕಿ."

ತಂಗಿಗೆ ಆಗ ಹತ್ತೊಂಬತ್ತು. ಅಕ್ಕ ಬಿಡಿಸಿದ್ದನ್ನು ಹೆಣೆಯುವುದು ಅವಳ ಕೆಲಸ. ದಿನವಿಡೀ ಕ್ಯಾರೇಜನ್ನು ಎಡಕ್ಕೆ ಬಲಕ್ಕೆ ಎಳೆದು ತೋಳು ಸೇದಿಹೋಗುತ್ತಿತ್ತು. ಹೊಗಳಿಕೆ ಮಾತ್ರ ಅಕ್ಕನ ಹೂವಿಗೆ, ಅಕ್ಕನ ಎಲೆಗೆ. ಹೊಟ್ಟೆಕಿಚ್ಚು ಎಂದರೆ ದೊಡ್ಡ ಮಾತಾಯಿತು. ಅಕ್ಕನೆಂದರೆ ಅವಳಿಗೆ ಪ್ರಾಣ. ಆದರೂ ಅಷ್ಟರಲ್ಲಿ ಒಂದು ಚೌಕವಾದರೂ ತನ್ನದಿರಲಿ ಎಂಬ ಆಸೆ ಒಳಗೊಳಗೇ ಕುದಿಯುತ್ತಿತ್ತು.

ಬಟ್ಟೆ ಅಂಗಡಿಯವನು ಹಾಡುವ ಮಕ್ಕಳ ತಂಡವೊಂದಕ್ಕೆ ನಲವತ್ತು ಸ್ವೆಟರು ಬೇಕೆಂದ. ನೀಲಿ ಮೈ, ಎದೆಯ ಮೇಲೆ ಬಿಳಿ ಹಕ್ಕಿಗಳ ಸಾಲು. ಅಕ್ಕ ಬಿಡಿಸಿದ ಚಿತ್ರ ನೋಡಿಯೇ ಒಪ್ಪಿಕೊಂಡ. ಕಾರ್ಡು ಹೊಡೆದು ಮುಗಿಸಿದ ದಿನ ಅಕ್ಕ ಹಲ್ಲುನೋವೆಂದು ಡಾಕ್ಟರ ಬಳಿ ಹೋದಳು, ಅತ್ತೆ ದಾರ ತರಲು ಹೋದಳು. ಕೋಣೆಯಲ್ಲಿ ತಂಗಿ, ಮೇಜಿನ ಮೇಲೆ ಕಾರ್ಡು, ಪಕ್ಕದಲ್ಲಿ ಪಂಚು.

ಅವಳು ಕಾರ್ಡನ್ನು ಕಿಟಕಿಗೆ ಹಿಡಿದು ನೋಡಿದಳು. ಬೆಳಕಿನ ಹಕ್ಕಿ ಕಂಡಿತು. ಬಹಳ ಚೆನ್ನಾಗಿತ್ತು. ಆದರೆ ಕೊಕ್ಕು ಖಾಲಿಯಿತ್ತು. ಇದರ ಬಾಯಲ್ಲಿ ಒಂದು ಕಾಳಿದ್ದರೆ ಎಷ್ಟು ಚೆಂದ ಎನ್ನಿಸಿತು. ಒಂದೇ ಒಂದು ತೂತು. ಎಲ್ಲರೂ ಹೊಗಳಿದಾಗ, ಆ ಕಾಳು ಮಾತ್ರ ನಂದು, ಎಂದು ಹೇಳಬಹುದು. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಕೇಳಿದಂತಾಗಿ, ಅವಸರದಲ್ಲಿ ಕಾರ್ಡನ್ನು ಹೇಗೆ ಹಿಡಿದಿದ್ದಳೋ ಹಾಗೆಯೇ ಪಂಚು ಒತ್ತಿದಳು. ಟಕ್. ಮಣಿಯಷ್ಟು ಬಿಳಿ ಚೂರೊಂದು ನೆಲಕ್ಕೆ ಬಿತ್ತು.

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಹನ್ನೆರಡು ದಿನ ತಂಗಿ ಎದೆಯ ಭಾಗಗಳನ್ನು ಹೆಣೆದಳು, ಅತ್ತೆ ಬೆನ್ನು, ಅಕ್ಕ ತೋಳು. ತೂಕ ಬಿಚ್ಚಿ, ಮುಖ ಒಳಗಾಗಿ ಮಡಚಿ, ಕಟ್ಟು ಕಟ್ಟಿ ಬೀದಿಯಾಚೆಯ ಜೋಡಿಸುವ ಹೆಂಗಸಿಗೆ ಕೊಟ್ಟರು. ಅವಳು ಹೊಲಿದು ನೇರವಾಗಿ ಅಂಗಡಿಗೆ ಮುಟ್ಟಿಸಿದಳು. ಮೊದಲ ಭಾಗವನ್ನು ತಂಗಿ ಕಳ್ಳತನದಲ್ಲಿ ಮಗುಚಿ ನೋಡಿದ್ದಳು. ಕೊಕ್ಕಿನ ಮುಂದೆ ಬಿಳಿ ಚುಕ್ಕೆ. ಕಾಳು! ಅವಳ ಕಣ್ಣಿಗೆ ಚೆನ್ನಾಗಿಯೇ ಕಂಡಿತು.

ಮುಟ್ಟಿಸಿದ ಮೂರನೇ ದಿನ ಅಂಗಡಿಯವನು ಹೊರೆ ಹೊತ್ತು ತಂದು ಮೇಜಿನ ಮೇಲೆ ಕುಕ್ಕಿದ.

"ಏನ್ರಮ್ಮಾ ಇದು? ಹಾಡೋ ಮಕ್ಕಳ ಎದೆ ಮೇಲೆ ಉಗುಳೋ ಹಕ್ಕಿ ಕೂರಿಸಿದೀರಲ್ಲ! ಒಂದಲ್ಲ, ಐದೈದು! ಸಾಲಾಗಿ ನಿಂತು ಉಗುಳ್ತಾ ಇವೆ. ಹಾಕ್ಕೊಂಡು ನೋಡಿದ ಮಕ್ಕಳು ಒಬ್ಬರ ಮುಖಕ್ಕೊಬ್ಬರು ಥೂ ಥೂ ಅಂತ ನಗ್ತಾ ಇದಾರೆ. ಹಾಡು ಎಲ್ಲಿಂದ ಬರತ್ತೆ?"

ಗಲಾಟೆ ಕೇಳಿ ಮೇಲೆ ಬಂದಿದ್ದ ಸೈಕಲ್ ಅಂಗಡಿಯವನು ಬಾಗಿಲಲ್ಲೇ ನಿಂತು ಕಿಸಕ್ಕನೆ ನಕ್ಕ. ತಂಗಿ ಸ್ವೆಟರು ನೋಡಿದಳು. ಒಮ್ಮೆ ಉಗುಳು ಎಂದ ಮೇಲೆ ಅದು ಉಗುಳೇ. ಇನ್ನು ಅದನ್ನು ಕಾಳೆಂದು ಕಾಣಲು ಅವಳಿಗೂ ಆಗಲಿಲ್ಲ.

"ಯಾರ ಕೈ ಇದು?" ಎಂದಳು ಅತ್ತೆ.

ತಂಗಿ ಬಾಯಿ ತೆರೆದಿದ್ದಳು. ಅದನ್ನು ಅವಳು ಆಣೆ ಇಟ್ಟು ಹೇಳಬಲ್ಲಳು. ಅಷ್ಟರಲ್ಲಿ ಅಕ್ಕ, "ನನ್ನ ಕೈಯೇ ಅತ್ತೆ. ಕಾರ್ಡ್ ಹೊಡೆಯೋದು ನಾನೊಬ್ಬಳೇ ತಾನೆ? ಎಣಿಸೋದ್ರಲ್ಲಿ ಎಲ್ಲೋ ತಪ್ಪಿದೀನಿ," ಎಂದುಬಿಟ್ಟಳು.

ತೆರೆದ ಬಾಯಿ ಮುಚ್ಚಿಕೊಂಡಿತು. ಅಲ್ಲಿಗೂ ಕಾಲ ಮಿಂಚಿರಲಿಲ್ಲ. ಅಂಗಡಿಯವನು ಹೋದ ಮೇಲೆ ಅಕ್ಕ ತಂಗಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಆ ಕಾರ್ಡ್ ಎಲ್ಲಿದೆಯೇ? ಎಲ್ಲಿ ತಪ್ಪಿದೆ ಅಂತ ನೋಡ್ತೀನಿ."

ಕಾರ್ಡು ತಂಗಿ ಕೂತಿದ್ದ ದಿಂಬಿನ ಅಡಿಯಲ್ಲೇ ಇತ್ತು.

"ಹರಿದುಹಾಕಿದೆ ಅಕ್ಕಾ. ಮೆಷಿನ್ ಹಲ್ಲಿಗೆ ಸಿಕ್ಕಿ ಅಂಚು ಕಿತ್ತಿತ್ತು."

ಹತ್ತೊಂಬತ್ತರ ಹುಡುಗಿ ಒಂದು ತೂತು ಹೊಡೆದದ್ದನ್ನು ಯಾರಾದರೂ ಕ್ಷಮಿಸಿಯಾರು. ಈ ಮಾತಿಗೆ ಏನು ಮಾಡುವುದು ಎಂಬುದು ಆಮೇಲೆ ಮೂವತ್ತನಾಲ್ಕು ವರ್ಷ ಅವಳಿಗೆ ಹೊಳೆಯಲಿಲ್ಲ.

ನಲವತ್ತು ಸ್ವೆಟರುಗಳನ್ನೂ ಬಿಚ್ಚಿ ದಾರ ಮಾಡಿದರು. ನಾಲ್ಕು ದಿನ ಹಿಡಿಯಿತು. ಅಕ್ಕ ಎಳೆಯುತ್ತಿದ್ದಳು, ತಂಗಿ ಎದುರು ಕೂತು ಉಂಡೆ ಸುತ್ತುತ್ತಿದ್ದಳು. ಇಬ್ಬರ ನಡುವೆ ಒಂದೇ ದಾರ. ಬಿಚ್ಚಿದ ದಾರ ನೆಟ್ಟಗಾಗದು. ಕುಣಿಕೆ ಕುಣಿಕೆಯಾಗಿ, ತಾನು ಏನಾಗಿದ್ದೆನೆಂದು ಮರೆಯದೆ ಸೊಟ್ಟಗೇ ಬರುತ್ತಿತ್ತು. ಐದನೇ ದಿನ ಅತ್ತೆ ಪಂಚನ್ನು ತಂದು ತಂಗಿಯ ಮಡಿಲಲ್ಲಿ ಹಾಕಿ, "ಇನ್ಮೇಲೆ ನೀನು ಹೊಡಿ," ಎಂದಳು. ಬೇಡವೆನ್ನಲು ಕಾರಣ ಹೇಳಬೇಕಿತ್ತು. ಅವಳು ತೆಗೆದುಕೊಂಡಳು.

ಬೀದಿಯಲ್ಲಿ ಅಕ್ಕನಿಗೆ ಉಗುಳುಹಕ್ಕಿ ಎಂದು ಹೆಸರಾಯಿತು. ಒಂದೆರಡು ವರ್ಷಕ್ಕೆ ಬೀದಿ ಮರೆಯಿತು. ಅಕ್ಕ ಮರೆಯಲಿಲ್ಲ. ಮೆಟ್ಟಿಲು ಎಣಿಸತೊಡಗಿದಳು. ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿದಳು. ಮದುವೆಯಾಗಿ ಎರಡು ಬೀದಿ ಆಚೆ ಸಂಸಾರ ಹೂಡಿದ ಮೇಲೆ, ಎಳೆಯ ಮಗಳಿಗೆ ಜ್ವರ ಬಂದ ದಿನ ಔಷಧಿ ಬಾಟಲಿ ಹಿಡಿದು ಬರಿಗಾಲಲ್ಲಿ ಓಡಿಬಂದು, "ನೀನು ಹನಿ ಎಣಿಸಿ ಹಾಕೇ, ನಿನ್ನ ಲೆಕ್ಕ ತಪ್ಪಲ್ಲ," ಎಂದಿದ್ದಳು. ತಂಗಿ ಎಣಿಸಿ ಹಾಕಿದಳು. ತಲೆ ಎತ್ತದೆ ಬಾಟಲಿಯನ್ನೇ ನೋಡುತ್ತ ಕೂತಳು. ಅದು ಮಗುವಿನ ಮೇಲಿನ ಕಾಳಜಿ ಎಂದುಕೊಂಡ ಅಕ್ಕ ಅವಳ ಬೆನ್ನು ಸವರಿದಳು.

ಹೇಳಬೇಕೆಂದು ಹೊರಡದ ವರ್ಷವಿಲ್ಲ. ಒಮ್ಮೆ ಅಕ್ಕನ ಮನೆಗೆ ನೆಂಟರು ಬಂದಿದ್ದರು. ಒಮ್ಮೆ ಅಕ್ಕನ ಗಂಡ ಹಾಸಿಗೆ ಹಿಡಿದಿದ್ದ. ಒಮ್ಮೆ ಅಕ್ಕ ಬಹಳ ದಿನದ ಮೇಲೆ ನಗುತ್ತಿದ್ದಳು. ಆ ನಗುವನ್ನು ಕೆಡಿಸುವುದೇಕೆ ಎನ್ನಿಸಿತು. ಕುಣಿಯಲಾರದವಳಿಗೆ ನೆಲ ಡೊಂಕು. ತಂಗಿ ಮದುವೆಯಾಗಲಿಲ್ಲ, ಅತ್ತೆ ಸತ್ತ ಮೇಲೆ ಕೋಣೆ, ಮೆಷಿನ್ನು, ಪಂಚು ಎಲ್ಲ ಅವಳ ಪಾಲಿಗೆ ಬಂದವು. ಆ ಕಾರ್ಡು ಮಾತ್ರ ಮೆಷಿನ್ನಿನ ಮುಚ್ಚಳದ ಒಳಬದಿಯಲ್ಲಿ, ಬಟ್ಟೆಯ ಅಸ್ತರದ ಹಿಂದೆ ಇತ್ತು. ಎಸೆಯಲಿಲ್ಲ. ಹರಿದುಹಾಕಿದೆ ಎಂದು ಹೇಳಿದ್ದನ್ನು ನಿಜ ಮಾಡಲೂ ಅವಳಿಗೆ ಧೈರ್ಯವಿರಲಿಲ್ಲ.

"ಹಾಗಾದ್ರೆ ನೀನೇ ಹೊಡೆದುಕೊಡು ಚಿಕ್ಕಮ್ಮ. ಅಮ್ಮನ ಹಕ್ಕಿನೇ," ಎಂದಳು ಅಕ್ಕನ ಮಗಳು, ಮಗುವನ್ನು ಎತ್ತಿಕೊಳ್ಳುತ್ತ.

"ನೋಡ್ತೀನಿ," ಎಂದಳು ತಂಗಿ.

ಅವರು ಹೋದ ಮೇಲೆ ಖಾಲಿ ಕಾರ್ಡೊಂದನ್ನು ಮೇಜಿನ ಮೇಲಿಟ್ಟು ಪಂಚು ಹಿಡಿದಳು. ಹಕ್ಕಿ ಅವಳ ಬೆರಳ ತುದಿಯಲ್ಲಿತ್ತು, ಕಣ್ಣು ಕಟ್ಟಿದರೂ ಹೊಡೆಯಬಲ್ಲಳು. ಮೊದಲ ಸಾಲಿಗೆ ಪಂಚು ಒಡ್ಡಿದಳು. ಒತ್ತಲಿಲ್ಲ. ಇದನ್ನೂ ಹೊಡೆದರೆ ಅಕ್ಕನ ಹಕ್ಕಿಯನ್ನು ಎರಡನೇ ಸಲ ಕದ್ದ ಹಾಗೆ. ಎದ್ದು ಮೆಷಿನ್ನಿನ ಮುಚ್ಚಳದ ಅಸ್ತರವನ್ನು ಕತ್ತರಿಯಿಂದ ಬಿಚ್ಚಿದಳು.

ಅಕ್ಕನ ಮನೆ ಮೂರನೇ ಮಹಡಿಯಲ್ಲಿ. ನಡುಹಗಲು. ಬಾಗಿಲು ತೆರೆದೇ ಇತ್ತು. ಅಕ್ಕ ಮೇಜಿನ ಮುಂದೆ ಕೂತು ವಾರದ ಮಾತ್ರೆಗಳನ್ನು ಏಳು ಬಟ್ಟಲಿಗೆ ಹಾಕುತ್ತಿದ್ದಳು. ಒಂದು ಮಾತ್ರೆ ಹಾಕಿದರೆ ಪಕ್ಕದಲ್ಲಿ ಒಂದು ಬೆಂಕಿಕಡ್ಡಿ. ಕೊನೆಗೆ ಕಡ್ಡಿ ಎಣಿಸಿ, ಮಾತ್ರೆ ಎಣಿಸಿ, ಎರಡೂ ಹೊಂದಿದರೆ ಮುಚ್ಚಳ.

"ಏನೇ ಈ ಹೊತ್ತಲ್ಲಿ? ಮೆಷಿನ್ ಕೆಟ್ಟಿತಾ?"

"ಇಲ್ಲ."

"ಹಾಗಾದ್ರೆ ನೀನೇ ಕೆಟ್ಟಿದೀಯ. ಮುಖ ಯಾಕೆ ಸುಟ್ಟ ಬದನೆಕಾಯಿ ಆಗಿದೆ? ಕೂತ್ಕೋ. ಕಡ್ಡಿ ಅಲುಗಿಸಬೇಡ."

ತಂಗಿ ಕೂರಲಿಲ್ಲ. ಚೀಲದಿಂದ ಕಾರ್ಡು ತೆಗೆದು ಬೆಂಕಿಕಡ್ಡಿಗಳ ಪಕ್ಕದಲ್ಲಿಟ್ಟಳು. ಹಾಳೆ ಹಳದಿಯಾಗಿತ್ತು. ಮೂಲೆಯಲ್ಲಿ ಅಕ್ಕನ ಪೆನ್ಸಿಲಿನ ಗುರುತು ಇನ್ನೂ ಇತ್ತು.

ಅಕ್ಕ ನೋಡಿದಳು. ಮುಟ್ಟಲಿಲ್ಲ.

"ಇದನ್ನ ಹರಿದುಹಾಕಿದೆ ಅಂದಿದ್ದೆ ನೀನು."

"ಸುಳ್ಳು ಹೇಳಿದ್ದೆ."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಕಾರ್ಡು ಎತ್ತಿಕೊಂಡಳು. ಕಿಟಕಿಗೆ ಹಿಡಿಯಲಿಲ್ಲ, ಎಣಿಸಲೂ ಇಲ್ಲ. ಕಾರ್ಡಿನ ಹಿಂಬದಿಯ ಮೇಲೆ ಬೆರಳು ಆಡಿಸಿದಳು. ಪಂಚು ಹೊಕ್ಕ ಕಡೆ ತೂತಿನ ಅಂಚು ನುಣುಪಾಗಿರುತ್ತದೆ, ಹೊರಬಿದ್ದ ಕಡೆ ಒರಟು. ಬೆರಳು ಒರಟಿನ ಮೇಲೆ ಸಾಲು ಸಾಲಾಗಿ ಹೋಯಿತು. ಕೊಕ್ಕಿನ ಮುಂದೆ ಬಂದು ನಿಂತಿತು. ಅಲ್ಲಿ ನುಣುಪು.

"ಇದು ಹಿಂದಿನಿಂದ ಹೊಡೆದಿದ್ದು," ಎಂದಳು ಅಕ್ಕ.

"ಹೂಂ."

"ನಾನು ಯಾವತ್ತೂ ಮುಂದಿನಿಂದ ಹೊಡೆಯೋದು."

"ಗೊತ್ತು. ಅದು ನಾನು ಹೊಡೆದಿದ್ದು ಅಕ್ಕ. ನೀನು ಹಲ್ಲಿನ ಡಾಕ್ಟರ್ ಹತ್ರ ಹೋಗಿದ್ದಾಗ."

"ಯಾಕೆ?"

"ಹಕ್ಕಿ ಬಾಯಲ್ಲಿ ಒಂದು ಕಾಳಿರ್ಲಿ ಅಂತ."

"ಕಾಳಾ?" ಅಕ್ಕ ಆ ತೂತಿನ ಮೇಲಿಂದ ಬೆರಳು ತೆಗೆದಳು. ಆಮೇಲೆ ಎಂದಳು: "ಇನ್ನೊಂದ್ಸಲ ಹೇಳು. ಮೊದಲಿಂದ."

ತಂಗಿ ಮೊದಲಿಂದ ಹೇಳಿದಳು. ಪಂಚು, ಕಿಟಕಿ, ಮೆಟ್ಟಿಲ ಮೇಲಿನ ಇಲ್ಲದ ಹೆಜ್ಜೆ, ದಿಂಬಿನ ಅಡಿಯ ಕಾರ್ಡು. ಈ ಸಲ ಏನನ್ನೂ ಬಿಡಲಿಲ್ಲ. ಮೊದಲ ಭಾಗದಲ್ಲೇ ಚುಕ್ಕೆ ಕಂಡು ಸುಮ್ಮನಿದ್ದದ್ದನ್ನೂ ಹೇಳಿದಳು. ಅಕ್ಕ ಕೇಳಿಸಿಕೊಳ್ಳುತ್ತ ಒಂದೊಂದೇ ಬೆಂಕಿಕಡ್ಡಿಯನ್ನು ಡಬ್ಬಿಗೆ ತುಂಬುತ್ತಿದ್ದಳು. ಎಣಿಸುತ್ತಿರಲಿಲ್ಲ.

"ಒಂದು ಚೂರು ಟೇಪು ಸಾಕಿತ್ತಲ್ಲೇ," ಎಂದಳು ಕೊನೆಗೆ. "ತಪ್ಪು ತೂತಿಗೆ ಟೇಪು ಅಂಟಿಸಿದ್ರೆ ಆಯ್ತು. ಎಲ್ಲರೂ ಮಾಡ್ತಾರೆ. ನನ್ನ ಕೇಳಿದ್ರೆ ನಾನೇ ಅಂಟಿಸಿಕೊಡ್ತಿದ್ದೆ."

"ತಪ್ಪಾಯ್ತು ಅಕ್ಕ."

"ಅದನ್ನ ಈಗ ಹೇಳ್ಬೇಡ. ಅದಕ್ಕೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ." ಅಕ್ಕನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎಂದು ತಂಗಿಗೆ ಅನ್ನಿಸಿತು. "ಮಗಳಿಗೆ ಹೆರಿಗೆ ಆದ ದಿನ ನರ್ಸು ಮಗೂನ ಎತ್ತಿಕೊಂಡು ಬಂದ್ಲು. ಮೊದಲು ಅಜ್ಜಿ ಕೈಗೆ ಅಂದ್ಲು. ನಾನು ಬೇಡ ಅಂದೆ. ನನ್ನ ಕೈ ನಂಬೋ ಹಾಗಿಲ್ಲ ಅಂದೆ. ಆಮೇಲೆ ನಿನ್ನ ಕೈಗೆ ಕೊಟ್ರು."

ತಂಗಿ ಗೋಡೆಗೆ ಒರಗಿದಳು.

"ನಿನ್ನ ಕೈಗೆ," ಎಂದಳು ಅಕ್ಕ ಇನ್ನೊಮ್ಮೆ. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತಳು. ಕೆಳಗೆ ಬೀದಿಯಲ್ಲಿ ಯಾರೋ ಕಂಬಳಿ ಕೊಡವುತ್ತಿದ್ದ ಸದ್ದು. ಅದು ನಿಂತ ಮೇಲೂ ಅಕ್ಕ ತಿರುಗಲಿಲ್ಲ.

"ಪಂಚ್ ತಂದಿದೀಯಾ?"

"ತಂದಿದೀನಿ. ಖಾಲಿ ಕಾರ್ಡೂ ಇದೆ."

"ಇಟ್ಟು ಹೋಗು."

"ಅಕ್ಕಾ..."

"ಹೋಗು ಅಂದೆನಲ್ಲ. ಮತ್ತೆ ಯಾವಾಗ ಬರಬೇಕು ಅಂತ ನಾನೇ ಹೇಳಿ ಕಳಿಸ್ತೀನಿ. ಅಲ್ಲೀವರೆಗೂ ಬರಬೇಡ."

ತಂಗಿ ಪಂಚನ್ನೂ ಕಾರ್ಡನ್ನೂ ಮೇಜಿನ ಮೇಲಿಟ್ಟಳು. ಹೊರಗೆ ಬಂದು ಬಾಗಿಲು ಮುಂದಕ್ಕೆಳೆದು, ಚಪ್ಪಲಿಗೆ ಕಾಲು ಹಾಕಿದಳು. ಒಂದು ಸುತ್ತು ಮೆಟ್ಟಿಲಿಳಿದು ತಿರುವಿನಲ್ಲಿ ನಿಂತಳು. ಎಷ್ಟು ಹೊತ್ತಾಯಿತೋ. ಮೇಲಿನಿಂದ ಟಕ್ ಎಂದಿತು.

ಅವಳು ಕಂಬಿ ಹಿಡಿದುಕೊಂಡಳು. ಇನ್ನೊಂದು ಟಕ್. ಮತ್ತೆರಡು. ಆಮೇಲೆ ಸದ್ದಿಲ್ಲ. ಅಕ್ಕ ಎಣಿಸುತ್ತಿರಬೇಕು. ಎರಡನೇ ಸಲ ಎಣಿಸುತ್ತಿರಬೇಕು. ಎಣಿಕೆ ಸರಿಯಿದೆ ಅಕ್ಕ, ಮುಂದೆ ಹೊಡಿ, ಎಂದು ಕೂಗಿ ಹೇಳಬೇಕೆನ್ನಿಸಿತು. ಹಾಗೆ ಹೇಳುವ ಅಧಿಕಾರ ಈ ಲೋಕದಲ್ಲಿ ಯಾರಿಗಾದರೂ ಇದ್ದರೆ ಅದು ತನಗಲ್ಲ.

ಮೇಲೆ ಬಾಗಿಲು ತೆರೆಯಿತು.

"ಅಲ್ಲೇ ನಿಂತಿದೀಯಾ ಇನ್ನೂ?" ಅಕ್ಕನ ಮುಖ ಕಾಣಲಿಲ್ಲ, ದನಿ ಮಾತ್ರ ಬಂತು. "ಇಳಿ. ನೀನು ಅಲ್ಲಿ ಕಿವಿ ಒಡ್ಡಿಕೊಂಡು ನಿಂತ್ರೆ ನಾನು ಹೊಡೆಯೋದು ಹೇಗೆ?"

ಬಾಗಿಲು ಮುಚ್ಚಿತು. ಚಿಲಕ ಬಿತ್ತು. ತಂಗಿ ಕಾದಳು, ಅದು ತೆರೆದುಕೊಂಡು ಮತ್ತೆ ಬೀಳಲಿಲ್ಲ.

ಸದ್ದಾಗಬಾರದೆಂದು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಗೋಡೆ ಸವರಿಕೊಂಡು ಉಳಿದ ಮೆಟ್ಟಿಲುಗಳನ್ನು ಇಳಿದಳು. ಬೀದಿಗೆ ಬಂದ ಮೇಲೂ ಚಪ್ಪಲಿ ಕೈಯಲ್ಲೇ ಇತ್ತು.